ಅಮ್ಮನಿಗೆ ಬಂದದ್ದು ಜ್ವರವಲ್ಲ

ಹಿದಕಿದ ಬೇಳೆ ಸಾರಿನ ಬಗ್ಗೆ ಈ ವಾರ ಬರೆಯುತ್ತೇನೆ ಅಂತ ಕಳೆದ ವಾರ ಮಾತು ಕೊಟ್ಟಿದ್ದೆ. ಅವರೆಕಾಯಿ ಇನ್ನೂ ಒಂದು ತಿಂಗಳು ಸಿಗುತ್ತದೆ, ಸಾರು ಮುಂದಿನ ವಾರಕ್ಕಿರಲಿ. ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಬರೆಯದೆ ಬೇರೇನೂ ಬರೆಯಲು ಕೈ ಓಡುತ್ತಿಲ್ಲ.

ರಾತ್ರಿ ಎರಡು ಗಂಟೆ ಇರಬೇಕು. ಧನುರ್ಮಾಸದ ಚಳಿ. ನಮ್ಮ ಉಯ್ಯಂಬಳ್ಳಿ ಕಡೆ ಕಾವೇರಿ ಕಾಡಿನಿಂದ ಗಾಳಿ ಬೀಸಿದರೆ ಕಂಬಳಿಯೊಳಗೂ ಕಾಲು ಮಡಚಿಕೊಂಡೇ ಮಲಗಬೇಕು. ಅಂಥ ಹೊತ್ತಿನಲ್ಲಿ ನಡುಮನೆಯಲ್ಲಿ ಫ್ಯಾನು ಗರಗರ ತಿರುಗುವ ಸದ್ದು. ಯಾರಿಗಪ್ಪಾ ಹುಚ್ಚು ಹಿಡಿಯಿತು ಅಂದುಕೊಳ್ಳುವಷ್ಟರಲ್ಲಿ ಆರನೇ ತರಗತಿಯ ನನ್ನ ಮೊಮ್ಮಗ ಕಂಬಳಿ ಎಳೆದುಕೊಂಡು ನನ್ನ ಹಾಸಿಗೆಗೆ ಬಂದ.

"ಅಜ್ಜಿ, ಅಮ್ಮನಿಗೆ ಜ್ವರ ಬಂದೈತೆ. ಸೀರೆಯೆಲ್ಲ ಬೆವರು."

ಎದ್ದು ನೋಡಿದೆ. ನನ್ನ ಸೊಸೆ ಬೀದಿ ಬಾಗಿಲು ತೆಗೆದು ಜಗಲಿಯ ಮೇಲೆ ನಿಂತಿದ್ದಳು. ನಾನು ಶಾಲು ಹೊದ್ದು ನಡುಗುತ್ತಿದ್ದೇನೆ, ಅವಳು ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಾಳೆ. "ಏನಿಲ್ಲ ಅತ್ತೆ, ನೀವು ಮಲಗಿ" ಅಂದಳು. ಅಷ್ಟರಲ್ಲಿ ಹುಡುಗ ಕೊರೊನಾ ಕಾಲದಲ್ಲಿ ತಂದಿದ್ದ ಥರ್ಮಾಮೀಟರ್ ಹುಡುಕಿ ತಂದು ಅಮ್ಮನ ಕಂಕುಳಿಗೆ ಇಟ್ಟ. ಅದು ಕುಯ್ ಅಂತು. 98.2. ಅವನಿಗೆ ನಂಬಿಕೆ ಬರಲಿಲ್ಲ. ತನ್ನ ಕಂಕುಳಿಗೂ ಇಟ್ಟುಕೊಂಡು ನೋಡಿದ. ಅವನದೂ ಅಷ್ಟೇ. "ಕೆಟ್ಟೋಗೈತೆ ಇದು" ಅಂತ ಅದನ್ನೇ ಬೈದ.

ಥರ್ಮಾಮೀಟರ್ ಕೆಟ್ಟಿರಲಿಲ್ಲ, ಸೊಸೆಗೆ ಜ್ವರವೂ ಇರಲಿಲ್ಲ. ಅವಳಿಗೆ 47 ವರ್ಷ. ಏನಾಗುತ್ತಿದೆ ಅಂತ ನನಗೆ ಗೊತ್ತಿತ್ತು. ಮೂರು ನಾಲ್ಕು ತಿಂಗಳಿಂದ ಗೊತ್ತಿತ್ತು. ಅದೇ ಈ ವಾರ ನಾನು ಒಪ್ಪಿಕೊಳ್ಳಬೇಕಾದ ಮೊದಲ ತಪ್ಪು. ಭಾದ್ರಪದದಲ್ಲೇ ಅವಳು ನನ್ನ ಹತ್ತಿರ ಬಂದು, "ಅತ್ತೆ, ಇದ್ದಕ್ಕಿದ್ದ ಹಾಗೆ ಎದೆಯಿಂದ ಮುಖಕ್ಕೆ ಬೆಂಕಿ ಹತ್ತಿದ ಹಾಗಾಗುತ್ತೆ, ನಿದ್ದೆನೇ ಇಲ್ಲ" ಅಂದಿದ್ದಳು. ನಾನು ಅವರೆ ಬಿತ್ತನೆಯ ಕಾಳು ಆರಿಸುತ್ತಿದ್ದೆ. ತಲೆ ಎತ್ತದೆ, "ನಮಗೂ ಆಗಿತ್ತು ಕಣವ್ವ. ಯಾರಿಗೆ ಹೇಳಿಕೊಂಡ್ವಿ? ಸುಮ್ಮನಿದ್ರೆ ಹೋಗುತ್ತೆ" ಅಂದೆ. ಅವಳು ಸುಮ್ಮನಾದಳು. ಆಮೇಲೆ ಹೇಳಲೇ ಇಲ್ಲ.

ಮರುದಿನ ಬೆಳಿಗ್ಗೆ ಕ್ಯಾಲೆಂಡರ್ ನೋಡಲು ಹೋದೆ, ಏಕಾದಶಿ ಯಾವತ್ತು ಅಂತ. ತಾರೀಕುಗಳ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೀಟು. ಹಾಲಿನ ಲೆಕ್ಕವೋ ಅಂದುಕೊಂಡೆ. ಹಾಲಿನ ಲೆಕ್ಕ ಬೇರೆ ಇತ್ತು. ಹಿಂದಿನ ತಿಂಗಳ ಹಾಳೆ ತಿರುವಿದರೆ ಅಲ್ಲೂ ಗೀಟು. ಮೊಮ್ಮಗನನ್ನು ಕರೆದು ಕೇಳಿದೆ. ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ: "ಅಮ್ಮ ಬೈದ ದಿನ ಒಂದು ಗೀಟು. ಅಮ್ಮ ಅತ್ತ ದಿನ ಎರಡು. ನಾನು ಏನು ಮಾಡಿದ ದಿನ ಅಮ್ಮ ಬೈತಾಳೆ ಅಂತ ಕಂಡುಹಿಡಿಯೋಕೆ."

"ಕಂಡುಹಿಡಿದೆಯಾ?"

"ಇಲ್ಲ ಅಜ್ಜಿ. ಏನೂ ಮಾಡದೇ ಇದ್ದ ದಿನಾನೂ ಬೈದವಳೆ."

ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಈ ಹುಡುಗ ಮೂರು ತಿಂಗಳಿಂದ ತನ್ನಷ್ಟಕ್ಕೆ ತಾನೇ ಪ್ರಯೋಗ ಮಾಡಿ, ತಪ್ಪು ತನ್ನದೇ ಅಂತ ಹಿಡಿದುಕೊಂಡು ಕೂತಿದ್ದಾನೆ. ನನ್ನ ಮನೆಯಲ್ಲೇ.

ಇನ್ನೊಂದು ಒಪ್ಪಿಗೆ. ಮೇಷ್ಟ್ರಮ್ಮ ಆಗಿದ್ದಾಗ ಗ್ರಂಥಿಗಳ ಪಾಠ ಬಂದರೆ ಥೈರಾಯ್ಡ್ ಚೆನ್ನಾಗಿ ಹೇಳುತ್ತಿದ್ದೆ. ಗಂಟಲುವಾಳ, ಉಪ್ಪಿಗೆ ಅಯೋಡಿನ್, ಎಲ್ಲ. ಮುಂದಿನ ಪುಟಕ್ಕೆ ಬಂದಾಗ "ಇದನ್ನ ಮನೆಯಲ್ಲಿ ಓದಿಕೊಂಡು ಬನ್ನಿ" ಅನ್ನುತ್ತಿದ್ದೆ. ಯಾರ ಮನೆಯಲ್ಲೂ ಓದಲಿಲ್ಲ ಅಂತ ನನಗೆ ಗೊತ್ತು.

ಮಧ್ಯಾಹ್ನ ಹುಡುಗನನ್ನು ಹುಳುವಿನ ಮನೆಗೆ ಕರೆದುಕೊಂಡು ಹೋದೆ. ಪೇಟೆಯ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಕನಕಪುರ, ರಾಮನಗರದ ಕಡೆ ರಾಗಿಯಷ್ಟೇ ರೇಷ್ಮೆಯೂ ನಮ್ಮ ಬದುಕು. ಹಿಪ್ಪುನೇರಳೆ ಸೊಪ್ಪು ತಿನ್ನಿಸಿ ಹುಳು ಸಾಕುತ್ತೇವೆ, ಗೂಡು ಕಟ್ಟಿದ ಮೇಲೆ ಮಾರುಕಟ್ಟೆಗೆ ಒಯ್ಯುತ್ತೇವೆ. ಮೊಟ್ಟೆಯೊಡೆದು ಬಂದ ಹುಳು 25–28 ದಿನದಲ್ಲಿ ಸುಮಾರು ಹತ್ತು ಸಾವಿರ ಪಟ್ಟು ತೂಕ ಬೆಳೆಯುತ್ತದೆ. ಚರ್ಮ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ನಾಲ್ಕು ಸಲ ಹಳೆಯ ಚರ್ಮ ಕಳಚಿ ಹೊಸದು ತೊಡಬೇಕು. ಕಳಚುವ ಮುಂಚೆ ಸುಮಾರು ಒಂದು ದಿನ ಹುಳು ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿರುತ್ತದೆ. ಇದಕ್ಕೆ ನಮ್ಮ ಕಡೆ ರೈತರು ಇಟ್ಟ ಹೆಸರೇನು ಗೊತ್ತೆ? ಜ್ವರ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಆವತ್ತು ನಮ್ಮ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು.

"ಇವಕ್ಕೆ ಥರ್ಮಾಮೀಟರ್ ಇಟ್ಟರೆ ಎಷ್ಟು ತೋರಿಸುತ್ತೆ?" ಅಂತ ಕೇಳಿದೆ.

ನಕ್ಕ. "ಇವಕ್ಕೆ ಜ್ವರ ಇಲ್ಲ ಅಜ್ಜಿ, ಪೊರೆ ಬಿಡ್ತಾವೆ ಅಷ್ಟೆ."

"ಮತ್ತೆ ಜ್ವರ ಅಂತ ಯಾಕೆ ಕರೀತೀವಿ?"

"ನೋಡೋಕೆ ಹಂಗೆ ಕಾಣುತ್ತಲ್ಲ."

"ಈಗ ಸೊಪ್ಪು ಹಾಕಲಾ?"

"ಅಯ್ಯೋ ಬೇಡ! ಎಲ್ಲಾ ಎದ್ದ ಮೇಲೇ ಹಾಕಬೇಕು. ಮುಟ್ಟಬಾರದು, ಅಲ್ಲಾಡಿಸಬಾರದು. ಗಾಳಿ ಆಡಬೇಕು. ಅಪ್ಪ ಬೈತಾನೆ."

ಹನ್ನೊಂದು ವರ್ಷದವನಿಗೆ ಹುಳುವಿನ ಜ್ವರದ ಬಗ್ಗೆ ಇಷ್ಟು ಗೊತ್ತು. ಹೆತ್ತ ತಾಯಿಯದು ಗೊತ್ತಿಲ್ಲ. ಅಲ್ಲೇ ಸೊಪ್ಪಿನ ಚೀಲದ ಮೇಲೆ ಕೂರಿಸಿಕೊಂಡು ಹೇಳಿದೆ. ಮೊಮ್ಮಕ್ಕಳಿಗೆ ಹೇಳಲು ಮಾತು ಸಿಗದೆ ಒದ್ದಾಡುವ ಅಜ್ಜಿಯರಿಗೆ ಆದೀತು ಅಂತ, ಹೇಳಿದ್ದನ್ನೇ ಬರೆಯುತ್ತೇನೆ.

ಹುಳು ಯಾವಾಗ ಪೊರೆ ಬಿಡಬೇಕು ಅಂತ ಹೇಳುವುದು ಅದರ ಮೈಯೊಳಗೇ ಹುಟ್ಟುವ ಒಂದು ರಸ. ಇಂಥ ರಸಕ್ಕೆ ಹಾರ್ಮೋನು ಅನ್ನುತ್ತಾರೆ. ಒಂದು ಕಡೆ ಹುಟ್ಟಿ, ರಕ್ತದಲ್ಲಿ ಸೇರಿ, ಇನ್ನೊಂದು ಕಡೆಗೆ ಹೋಗಿ "ಏಳು, ಈ ಕೆಲಸ ಮಾಡು" ಅನ್ನುತ್ತದೆ. ಊರಿನಲ್ಲಿ ತಮಟೆ ಹೊಡೆದು ಸಾರುತ್ತಿದ್ದರಲ್ಲ, ಹಾಗೆ. ಹೆಂಗಸರ ಮೈಯಲ್ಲೂ ಹಾಗೆ ಸಾರುವ ಹಾರ್ಮೋನುಗಳಿವೆ. ಈಸ್ಟ್ರೋಜನ್ ಅಂತ ಒಂದು, ಪ್ರೊಜೆಸ್ಟರಾನ್ ಅಂತ ಇನ್ನೊಂದು. ಹೊಟ್ಟೆಯ ಕೆಳಭಾಗದಲ್ಲಿ ಎರಡು ಅಂಡಾಶಯಗಳಿವೆ, ಅಲ್ಲಿ ಹುಟ್ಟುತ್ತವೆ. ಹೆಣ್ಣುಮಗು ಹುಟ್ಟುವಾಗಲೇ ಅಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ದೊಡ್ಡವಳಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಅದರಲ್ಲಿ ತಿಂಗಳಿಗೆ ಒಂದರಂತೆ ಬಲಿತು ಹೊರಬರುವುದು ಜೀವಮಾನದಲ್ಲಿ ಸುಮಾರು 400. (ಒಂದು ರೇಷ್ಮೆ ಚಿಟ್ಟೆ ಇಡುವ ಮೊಟ್ಟೆಯೂ ಹೆಚ್ಚುಕಡಿಮೆ ಅಷ್ಟೇ. ಚಿಟ್ಟೆ ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ, ನಾವು ಮೂವತ್ತೈದು ವರ್ಷ ತೆಗೆದುಕೊಳ್ಳುತ್ತೇವೆ.) ಅಂಡಾಣುಗಳು ಮುಗಿಯುತ್ತಾ ಬಂದಾಗ ಹಾರ್ಮೋನಿನ ಲೆಕ್ಕ ತಪ್ಪುತ್ತದೆ. ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಮ್ಮಿ, ಕೊನೆಗೆ ಕಮ್ಮಿಯಾಗಿಯೇ ನಿಲ್ಲುತ್ತದೆ. ಆಗ ಮುಟ್ಟು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ, ಯುರೋಪ್, ಅಮೆರಿಕದಲ್ಲಿ 51ರ ಸುಮಾರಿಗೆ. ಅದಕ್ಕೂ ಮುಂಚಿನ ಮೂರು ನಾಲ್ಕು ವರ್ಷ, ಕೆಲವರಿಗೆ ಎಂಟು ವರ್ಷ, ಈ ಏರುಪೇರಿನ ಕಾಲ.

"ಬೆವರು ಯಾಕೆ?" ಅಂದ.

ಮಿದುಳಿನಲ್ಲಿ ಮೈಯ ಕಾವು ನೋಡಿಕೊಳ್ಳುವ ಒಂದು ಜಾಗ ಇದೆ. ಹಾರ್ಮೋನು ಏರಿಳಿದಾಗ ಅದಕ್ಕೆ ಗಾಬರಿ. ಕಾವು ಒಂದು ಚೂರು ಏರಿದರೂ "ಮನೆಗೆ ಬೆಂಕಿ ಬಿತ್ತು" ಅಂತ ಕೂಗುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮುಖ ಕೆಂಪಾಗುತ್ತದೆ, ಎದೆ ಡವಡವ ಅನ್ನುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಕೆಲವು ನಿಮಿಷದಲ್ಲಿ ಎಲ್ಲ ಇಳಿದು ಚಳಿಯಾಗುತ್ತದೆ. ರಾತ್ರಿ ನಾಲ್ಕು ಸಲ ಹೀಗಾದರೆ ನಿದ್ದೆ ಎಲ್ಲಿ ಬರಬೇಕು? ನಿದ್ದೆ ಇಲ್ಲದವರಿಗೆ ಬೆಳಿಗ್ಗೆ ಕೋಪ ಬಾರದೆ ಇನ್ನೇನು ಬರುತ್ತದೆ? ಜೊತೆಗೆ ಅದೇ ಹಾರ್ಮೋನಿಗೆ ಮನಸ್ಸಿನ ಮೇಲೂ ಹಿಡಿತ ಇದೆ. ಅಳು ಸುಮ್ಮಸುಮ್ಮನೆ ಬರುತ್ತದೆ, ಇಟ್ಟ ಸಾಮಾನು ಮರೆತುಹೋಗುತ್ತದೆ.

ಹುಡುಗ ಹೊತ್ತು ಯೋಚಿಸಿ, "ಹಂಗಾದ್ರೆ ನನ್ನ ಗೀಟಿಗೆ ನಾನು ಕಾರಣ ಅಲ್ವಾ?" ಅಂದ.

"ಅಲ್ಲ ಕಣೋ. ಹೋಮ್‌ವರ್ಕ್ ಮಾಡದ ದಿನದ ಗೀಟು ಮಾತ್ರ ನಿನ್ನದೇ."

"ಅಮ್ಮನಿಗೂ ಸುಣ್ಣದ ಪುಡಿ ಉದುರಿಸಬೇಕಾ ಹುಳಕ್ಕೆ ಹಾಕ್ದಂಗೆ?"

ಇದನ್ನು ಸೊಸೆಗೆ ಹೇಳಿದಾಗ ಎಷ್ಟೋ ದಿನದ ಮೇಲೆ ಅವಳು ಗಟ್ಟಿಯಾಗಿ ನಕ್ಕಳು.

ಇಲ್ಲೊಂದು ಕತೆ ಹೇಳದೆ ಇರಲಾರೆ, ಮೇಷ್ಟ್ರಮ್ಮನ ಚಟ. ಹೆಂಗಸಿನ ಈ ಹಾರ್ಮೋನನ್ನೂ ನಮ್ಮ ಹುಳುವಿನ ಪೊರೆ ಬಿಡಿಸುವ ಹಾರ್ಮೋನನ್ನೂ ಮೊದಲು ಬೇರ್ಪಡಿಸಿದ ಕೆಲಸದಲ್ಲಿ ಒಬ್ಬರೇ ವಿಜ್ಞಾನಿ ಇದ್ದಾರೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್. 1929ರಲ್ಲಿ ಅವರು ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋಜನ್ ಜಾತಿಯ ಈಸ್ಟ್ರೋನ್ ಅನ್ನು ಹರಳು ಮಾಡಿ ತೆಗೆದರು. ಅದೇ ವರ್ಷ ಅಮೆರಿಕದಲ್ಲಿ ಎಡ್ವರ್ಡ್ ಡಾಯ್ಸಿಯೂ ತೆಗೆದರು. ಬುಟೆನಾಂಟ್‌ಗೆ 1939ರಲ್ಲಿ ನೊಬೆಲ್ ಬಂತು, ಹಿಟ್ಲರನ ಸರ್ಕಾರ ತೆಗೆದುಕೊಳ್ಳಲು ಬಿಡಲಿಲ್ಲ, ಯುದ್ಧ ಮುಗಿದ ಮೇಲೆ ಪ್ರಶಸ್ತಿಪತ್ರ ಕೈಗೆ ಬಂತು. ಆಮೇಲೆ ಅವರು ರೇಷ್ಮೆ ಹುಳುವಿಗೆ ಕೈ ಹಾಕಿದರು. 1954ರಲ್ಲಿ ಅವರೂ ಪೀಟರ್ ಕಾರ್ಲ್ಸನ್ ಅವರೂ ಸೇರಿ 500 ಕೆಜಿ ರೇಷ್ಮೆ ಕೋಶ, ಅಂದರೆ ಗೂಡಿನೊಳಗಿನ ಹುಳು, ಅರೆದು ಸೋಸಿ ಕೊನೆಗೆ ಪಡೆದದ್ದು 25 ಮಿಲಿಗ್ರಾಂ ಎಕ್ಡೈಸೋನ್. ಲೆಕ್ಕ ಹಾಕಿ ಮಕ್ಕಳೇ. ನಮ್ಮ ಮನೆಯಲ್ಲಿ 100 ಮೊಟ್ಟೆ ಚಾಕಿಗೆ ಚೆನ್ನಾಗಿ ಬಂದರೆ 60–70 ಕೆಜಿ ಗೂಡು ಸಿಗುತ್ತದೆ. ನಮ್ಮಂಥವರ ಒಂಬತ್ತು ಹತ್ತು ಬೆಳೆಯಷ್ಟು ಹುಳು ಅರೆದರೆ ಸಿಕ್ಕಿದ್ದು ಎಂಟು ಹತ್ತು ರಾಗಿ ಕಾಳಿನ ತೂಕ! ಇಷ್ಟೇ ಇಷ್ಟು ಇರುವ ವಸ್ತು ಹುಳುವಿನ ಚರ್ಮ ಕಳಚಿಸುತ್ತದೆ. ಅಷ್ಟೇ ಸಣ್ಣದೊಂದು ಏರುಪೇರು ಮನೆಯೊಡತಿಯನ್ನು ರಾತ್ರಿ ಎರಡಕ್ಕೆ ಜಗಲಿಗೆ ಓಡಿಸಿದರೆ ಆಶ್ಚರ್ಯವಿಲ್ಲ.

ಹುಳು, ಹೆಂಗಸು ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಹುಳುವಿಗೆ ಆ ಹಾರ್ಮೋನು ಏರಿದಾಗ ಜ್ವರ, ನಮಗೆ ಇಳಿಯುತ್ತಾ ಹೋದಾಗ. ಹುಳುವಿನದು ಒಂದು ದಿನದ ಮಾತು, ನಮ್ಮದು ವರ್ಷಗಳದು. ಇನ್ನೊಂದು ವ್ಯತ್ಯಾಸ ನನ್ನನ್ನು ಕೊರೆಯಿತು. ಜ್ವರಕ್ಕೆ ಕೂತ ಹುಳುವಿಗೆ ಮನೆಯವರೆಲ್ಲ ರಜೆ ಕೊಡುತ್ತಾರೆ. ಹುಳುವಿನ ಮನೆಗೆ ಹೋಗುವವರು ಹೆಜ್ಜೆ ಸದ್ದಾಗದಂತೆ ಹೋಗುತ್ತಾರೆ. ನನ್ನ ಸೊಸೆಗೆ? ಬೆಳಿಗ್ಗೆ ಮುದ್ದೆ, ಮಧ್ಯಾಹ್ನ ಸೊಪ್ಪು ಕೊಯ್ಲು, ರಾತ್ರಿ ಹತ್ತಕ್ಕೆ ಹುಳುವಿಗೆ ಕೊನೆಯ ಮೇವು. ಚಳಿಗಾಲದಲ್ಲಿ ಹುಳುವಿಗೆ ಬೆಚ್ಚಗಿರಬೇಕು, 24–25 ಡಿಗ್ರಿ. ಹೀಟರ್ ಹಾಕಿರುತ್ತೇವೆ. ಮೈಯೊಳಗೆ ಒಲೆ ಹೊತ್ತಿಸಿಕೊಂಡವಳು ಹೋಗಿ ಹೀಟರಿನ ಮುಂದೆ ಗಂಟೆಗಟ್ಟಲೆ ನಿಂತು ಸೊಪ್ಪು ಹರಡುತ್ತಿದ್ದಳು. ನಾವು ಯಾರೂ ನೋಡಲಿಲ್ಲ. "ಅವಳಿಗೆ ಈಚೆಗೆ ಕೋಪ ಜಾಸ್ತಿ" ಅಂತ ನನ್ನ ಮಗ, "ಯಾವಾಗಲೂ ಸುಸ್ತು ಅಂತಾಳೆ" ಅಂತ ನಾನು, ಇಷ್ಟೇ ನೋಡಿದ್ದು.

ಸುಸ್ತಿಗೆ ಬೇರೆ ಕಾರಣವೂ ಇತ್ತು. ಮುಟ್ಟು ಎರಡು ತಿಂಗಳು ಬರದೆ, ಬಂದಾಗ ಹನ್ನೆರಡು ದಿನ ಹೋಗುತ್ತಿತ್ತಂತೆ. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಆ ವಾರವೇ ನಾನು, ಮಗ, ಸೊಸೆ ಮೂವರೂ ಬಸ್ಸು ಹತ್ತಿ ಕನಕಪುರಕ್ಕೆ ಹೋದೆವು. ಡಾಕ್ಟರಮ್ಮ ರಕ್ತ ಪರೀಕ್ಷೆ, ಥೈರಾಯ್ಡ್, ಸಕ್ಕರೆ, ಬಿ.ಪಿ., ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಯಾಕೆಂದರೆ ಥೈರಾಯ್ಡ್ ಕೆಟ್ಟರೂ ಹೀಗೇ ಬೆವರು, ಎದೆಬಡಿತ, ಸುಸ್ತು ಬರಬಹುದು. "ವಯಸ್ಸಾಯ್ತು, ಅದೇ ಇರಬೇಕು" ಅಂತ ನಾವೇ ಷರಾ ಬರೆದುಕೊಳ್ಳಬಾರದು. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 9. ಹೆಂಗಸರಿಗೆ 12ಕ್ಕಿಂತ ಕಮ್ಮಿ ಇರಬಾರದು. "ಇಷ್ಟು ರಕ್ತ ಇಟ್ಟುಕೊಂಡು ಹೇಗಮ್ಮ ಸೊಪ್ಪಿನ ಹೊರೆ ಹೊರುತ್ತಿದ್ದೆ?" ಅಂತ ಅವರು ಕೇಳಿದಾಗ ನನ್ನ ಮಗ ನೆಲ ನೋಡಿದ.

ಕಬ್ಬಿಣದ ಮಾತ್ರೆ ಕೊಟ್ಟರು, ರಕ್ತ ಹೋಗುವುದು ಕಮ್ಮಿಯಾಗಲು ಔಷಧಿ ಕೊಟ್ಟರು. ಬಿಸಿ ತಡೆಯಲಾಗದಿದ್ದರೆ ಹಾರ್ಮೋನಿನ ಮಾತ್ರೆಯೂ ಇದೆ, ಆದರೆ ಎಲ್ಲರಿಗೂ ಆಗುವುದಿಲ್ಲ, ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಕೂಡದು, ಮುಂದಿನ ಸಲ ನೋಡೋಣ ಅಂದರು. ಅಂಗಡಿಯಲ್ಲಿ ಕೇಳಿ ತಂದು ನುಂಗುವುದಂತೂ ಬೇಡವೇ ಬೇಡ. ಒಂದು ಮಾತನ್ನು ಎರಡು ಸಲ ಹೇಳಿದರು, ನಾನೂ ಇಲ್ಲಿ ಹೇಳುತ್ತೇನೆ: ಮುಟ್ಟು ಪೂರ್ತಿ ಒಂದು ವರ್ಷ ಬರದಿದ್ದರೆ ನಿಂತಿತು ಅಂತ ಲೆಕ್ಕ. ಹಾಗೆ ನಿಂತ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು. ನನ್ನ ವಯಸ್ಸಿನ ಅಜ್ಜಿಯರೇ, ಇದು ನಿಮಗೂ ಸೇರಿಯೇ. "ಈ ವಯಸ್ಸಿನಲ್ಲಿ ಹೇಗೆ ಹೇಳೋದು" ಅಂತ ಮುಚ್ಚಿಟ್ಟುಕೊಳ್ಳಬೇಡಿ. ಅದು ಕ್ಯಾನ್ಸರಿನ ಸುಳಿವೂ ಆಗಿರಬಹುದು. ಬೇಗ ಕಂಡರೆ ವಾಸಿ ಮಾಡುವುದು ಸುಲಭ.

ತಾರೀಕು ಬರೆದಿಡಿ ಅಂತಲೂ ಅಂದರು, ಮುಟ್ಟು ಯಾವತ್ತು ಬಂತು, ಎಷ್ಟು ದಿನ, ರಾತ್ರಿ ಎಷ್ಟು ಸಲ ಬೆವರು. ಸೊಸೆ ಈಗ ಅದೇ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಹುಡುಗನ ಪೆನ್ಸಿಲ್ ಗೀಟಿನ ಪಕ್ಕದಲ್ಲಿ.

ನಾನಿದ್ದಾಗ ಹೀಗಿರಲಿಲ್ಲ ಅಂತ ಹೇಳುವುದು ಅಜ್ಜಿಯರ ಜನ್ಮಸಿದ್ಧ ಹಕ್ಕು. ಸ್ವಲ್ಪ ಬಳಸಿಕೊಳ್ಳುತ್ತೇನೆ. ನನಗೂ ರಕ್ತ ಹೋಗುತ್ತಿತ್ತು. ನಮ್ಮ ಯಜಮಾನರು ಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಐದು ನಿಮಿಷವೂ ನೋಡದೆ, "ಮಕ್ಕಳಾಗಿದ್ದಾವಲ್ಲ, ಇನ್ನು ಗರ್ಭಕೋಶ ಯಾಕೆ? ತೆಗೆಸಿಬಿಡಿ" ಅಂದರು. ಆ ಸಲ ಗೂಡಿನ ರೇಟು ಬಿದ್ದಿತ್ತು, ಆಪರೇಷನ್ನಿಗೆ ದುಡ್ಡಿರಲಿಲ್ಲ, ಅದಕ್ಕೇ ಉಳಿದುಕೊಂಡಿತು. ಎರಡು ವರ್ಷಕ್ಕೆ ತಾನೇ ನಿಂತಿತು. ನಮ್ಮ ಬೀದಿಯಲ್ಲೇ ಒಬ್ಬಾಕೆ 36ಕ್ಕೇ ತೆಗೆಸಿದಳು, ಆಮೇಲೆ ಸೊಂಟ, ಮೂಳೆ ನೋವು ಬಿಡಲಿಲ್ಲ. ದೊಡ್ಡ ಗೆಡ್ಡೆ ಇದ್ದರೆ, ಕ್ಯಾನ್ಸರ್ ಇದ್ದರೆ ತೆಗೆಯಲೇಬೇಕು, ಅದಕ್ಕೆ ಹೆದರಬಾರದು. ಆದರೆ ಬೇಡದ ಕಡೆಯೂ ತೆಗೆಯುವುದು ಎಷ್ಟು ಬೆಳೆಯಿತೆಂದರೆ, 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಯಲು ಮಾರ್ಗಸೂಚಿ ತಂದಿತು, 2023ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳೂ ಅದನ್ನು ಪಾಲಿಸಬೇಕು ಅಂದಿತು. ಯಾರಾದರೂ ತೆಗೆಸಿ ಅಂದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಅಜ್ಜಂದಿರೇ, ಹಿರಿಯರ ಮಾತು ಅಂತ ಮನೆಯಲ್ಲಿ ನಿಮ್ಮ ಮಾತು ನಡೆಯುತ್ತದಲ್ಲ, ಇದಕ್ಕೂ ಬಳಸಿ.

ಮನೆಗೆ ಬಂದ ಮೇಲೆ ಮಗ ಏನೂ ಹೇಳದೆ ರಾತ್ರಿಯ ಮೇವು ತನ್ನ ಮೇಲೆ ಹಾಕಿಕೊಂಡ. ಮುಸ್ಸಂಜೆ ಸೊಪ್ಪು ಹರಡಲು ನಾನು ಹೋಗುತ್ತೇನೆ, ನನಗೆ ಹೀಟರಿನ ಪಕ್ಕ ಹಿತವಾಗಿಯೇ ಇರುತ್ತದೆ. ಸೊಸೆಯ ಹಾಸಿಗೆ ಕಿಟಕಿಯ ಪಕ್ಕಕ್ಕೆ ಬಂತು, ನೈಲಾನ್ ಸೀರೆ ಪೆಟ್ಟಿಗೆಗೆ ಹೋಗಿ ಹತ್ತಿ ಸೀರೆ ಹೊರಗೆ ಬಂತು. ಸಂಜೆ ಟೀ ಬಿಟ್ಟಳು, ಅದು ಕುಡಿದರೆ ಬಿಸಿ ಜಾಸ್ತಿಯಾಗುತ್ತದೆ ಅಂತ ಅವಳೇ ಲೆಕ್ಕದಿಂದ ಕಂಡುಕೊಂಡಳು. ಈಸ್ಟ್ರೋಜನ್ ಇಳಿದರೆ ಮೂಳೆಯ ಸುಣ್ಣ ಕರಗುವುದು ಬೇಗ. ಅದಕ್ಕೆ ನಮ್ಮ ರಾಗಿಯೇ ಇದೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ. ಜೊತೆಗೆ ಎಳ್ಳು, ಸೊಪ್ಪು, ಬಿಸಿಲು, ನಡಿಗೆ. ಇದೆಲ್ಲ ಮಾಡಿದರೆ ಬಿಸಿ ಪೂರ್ತಿ ಹೋಗುತ್ತದೆ ಅಂತ ಸುಳ್ಳು ಹೇಳಲಾರೆ. ಮೊನ್ನೆಯೂ ಮೂರು ಸಲ ಎದ್ದಳು. ಆದರೆ ಈಗ ಎದ್ದಾಗ ಹುಡುಗ ನಿದ್ದೆಗಣ್ಣಿನಲ್ಲೇ "ಜ್ವರಾನಾ ಅಮ್ಮ?" ಅನ್ನುತ್ತಾನೆ, "ಹೂಂ, ನಾಲ್ಕನೇದು" ಅನ್ನುತ್ತಾಳೆ, ಅವನು ಮಗ್ಗುಲಾಗುತ್ತಾನೆ.

ಅವನ ಇನ್ನೊಂದು ಪ್ರಶ್ನೆ ಉಳಿದಿತ್ತು: "ನಮ್ಮ ಹಸುಗೂ ಹಿಂಗಾಗುತ್ತಾ?" ಇಲ್ಲ. ಹೆಚ್ಚಿನ ಪ್ರಾಣಿಗಳು ಬದುಕಿರುವವರೆಗೂ ಹೆಚ್ಚುಕಡಿಮೆ ಮರಿ ಹಾಕುತ್ತಲೇ ಇರುತ್ತವೆ. ರಾಗಿ ಹೊಲಕ್ಕೆ ಕಾವೇರಿ ವನ್ಯಧಾಮದಿಂದ ಆನೆ ಇಳಿಯುತ್ತವಲ್ಲ, ಮುಂದೆ ನಡೆಯುವವಳು ಹಿಂಡಿನ ಹಿರಿಯಳು. ಅವಳೂ ಐವತ್ತು ದಾಟಿದ ಮೇಲೂ ಮರಿ ಹಾಕಬಲ್ಲಳು. ಮುಟ್ಟು ನಿಂತ ಮೇಲೂ ದಶಕಗಟ್ಟಲೆ ಬದುಕುವುದು ಮನುಷ್ಯರು, ಕೆಲವು ಜಾತಿಯ ತಿಮಿಂಗಿಲಗಳು. ಉಗಾಂಡದ ಒಂದು ಕಾಡಿನ ಚಿಂಪಾಂಜಿಗಳಲ್ಲೂ ಇದೆ ಅಂತ 2023ರಲ್ಲಿ ವಿಜ್ಞಾನಿಗಳು ಹೇಳಿದರು. ಓರ್ಕಾ ಅನ್ನುವ ತಿಮಿಂಗಿಲ 40ರ ಸುಮಾರಿಗೆ ಹೆರುವುದು ನಿಲ್ಲಿಸಿ, ಎಂಬತ್ತರವರೆಗೂ ಬದುಕಬಲ್ಲದು. ಮೀನು ಸಿಗದ ಬರಗಾಲದಲ್ಲಿ ಗುಂಪಿನ ಮುಂದೆ ಈಜುವವಳು ಈ ಅಜ್ಜಿಯೇ, ಎಲ್ಲಿ ಮೀನು ಇರುತ್ತದೆ ಅಂತ ಅವಳಿಗೆ ನೆನಪಿರುತ್ತದೆ. ಅಜ್ಜಿ ಸತ್ತರೆ ಮೊಮ್ಮರಿಗಳು ಸಾಯುವ ಸಾಧ್ಯತೆ ಹೆಚ್ಚು ಅಂತ ಲೆಕ್ಕ ಹಾಕಿದ್ದಾರೆ. "ಹಂಗಾದ್ರೆ ನೀನು ತಿಮಿಂಗಿಲ" ಅಂದ. ನನ್ನ ಮೈ ನೋಡಿ ಅಂದನೋ, ಬುದ್ಧಿ ನೋಡಿ ಅಂದನೋ ಕೇಳಲಿಲ್ಲ.

ಬುದ್ಧಿ ನೋಡಿ ಅನ್ನುವಂತಿಲ್ಲ. ಯಾಕೆ ಅಂತ ಹೇಳಿ ಮುಗಿಸುತ್ತೇನೆ.

1998–99ರ ಮಾತು. ನನಗೆ 46. ಮಗ ಹುಟ್ಟಿ ಹತ್ತು ವರ್ಷ ಕಾದ ಮೇಲೆ ಹುಟ್ಟಿದ ಮಗಳಿಗೆ ಆಗ 14. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ, ಮನೆಯಲ್ಲಿ ಎಲ್ಲರಿಗೂ ಓಡಾಟ. ನಾನು ನಾಲ್ಕು ದಿನದಿಂದ ನಿದ್ದೆ ಮಾಡಿರಲಿಲ್ಲ, ಸ್ಕೂಲಿಗೂ ಹೋಗಿ ಬಂದಿದ್ದೆ. ಮಗಳು ಒಂದು ತಟ್ಟೆ ಹುಳು ಕೈಜಾರಿ ಬೀಳಿಸಿದಳು. ಒಂದು ತಟ್ಟೆ. ಎತ್ತಿ ಹಾಕಿದ್ದರೆ ಆಗುತ್ತಿತ್ತು. ನಾನು ಕೈಗೆ ಸಿಕ್ಕಿದ ಬಿದಿರು ದಬ್ಬೆಯಲ್ಲಿ ಹೊಡೆದೆ. ಹೊಡೆದದ್ದು ಬಿಡಿ, "ನಿನ್ನನ್ನ ಯಾಕಾದರೂ ಹೆತ್ತೆನೋ" ಅಂದೆ. ಅಂದ ಕೂಡಲೇ ಮೈಯೆಲ್ಲ ಬೆವರು ಸುರಿಯಿತು, ಹಿತ್ತಿಲಿಗೆ ಹೋಗಿ ನಿಂತೆ. ಒಳಗೆ ಬಂದಾಗ ಅವಳು ಅಳದೆ ಒಂದೊಂದೇ ಹುಳು ಆರಿಸುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಆಮೇಲೆ ಅವಳು ಹಾಸ್ಟೆಲು, ಕಾಲೇಜು, ಕೆಲಸ, ಮದುವೆ ಅಂತ ಬೆಂಗಳೂರು ಸೇರಿದಳು. ಹಬ್ಬಕ್ಕೆ ಬರುತ್ತಾಳೆ, ಸೀರೆ ತರುತ್ತಾಳೆ. ಹುಳುವಿನ ಮನೆಗೆ ಮಾತ್ರ ಕಾಲಿಡುವುದಿಲ್ಲ.

ಕ್ಯಾಲೆಂಡರಿನ ಗೀಟು ನೋಡಿದ ದಿನ ರಾತ್ರಿ ಅವಳಿಗೆ ಫೋನು ಮಾಡಿದೆ. ಮೊಮ್ಮಗನ ಸುದ್ದಿ, ಸೊಸೆಯ ಸುದ್ದಿ ಎಲ್ಲ ಹೇಳಿ, "ಆ ತಟ್ಟೆ ಬಿದ್ದ ದಿನ ನೆನಪಿದೆಯೇನೇ?" ಅಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ನೆನಪೈತೆ ಅವ್ವ."

"ನನಗೆ ಆಗ ಇದೇ ಆಗ್ತಿತ್ತು ಕಣೇ. ನನಗೇ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ಹೇಳೋಕೆ ನಾಚಿಕೆ. ನೀನು ಏನೂ ತಪ್ಪು ಮಾಡಿರಲಿಲ್ಲ."

"ಇಪ್ಪತ್ತಾರು ವರ್ಷ ಆಯ್ತಲ್ಲ ಅವ್ವ, ಒಂದು ಸಲ ಹೇಳಬಾರದಿತ್ತಾ" ಅಂದಳು. ಅವಳ ದನಿ ನಡುಗುತ್ತಿತ್ತು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹುಳು ಯಾವ ಜ್ವರದಲ್ಲವೆ ಈಗ?" ಅಂದಳು.

ನಾಲ್ಕನೇದು, ನಾಳೆ ಬೆಳಿಗ್ಗೆ ಏಳುತ್ತವೆ ಅಂದೆ. ಹಣ್ಣಾಗುವುದು ಯಾವತ್ತು ಅಂತ ಕೇಳಿದಳು. ಏಳೆಂಟು ದಿನ ಅಂದೆ. ರಜೆ ಸಿಗುತ್ತಾ ನೋಡುತ್ತೇನೆ ಅಂದಳು.